ಬಸಿರಿನ ಬೇನೆಯೂ ಕೆಲಸದ ಭದ್ರತೆಯೂ

2025ರ ಮಳೆಗಾಲ. ಶ್ರಾವಣ ಮಾಸದ ಒಂದು ಬೆಳಿಗ್ಗೆ ನಮ್ಮ ಶಾಲೆಯ ಐದನೆಯ ಇಯತ್ತೆಯ ಬಾಲಿಕೆಯೊಬ್ಬಳು ಪ್ರಾರ್ಥನೆ ಮುಗಿದ ಮೇಲೆ ವರ್ಗಕ್ಕೆ ಹೋಗದೆ ಕಚೇರಿಯ ಬಾಗಿಲಲ್ಲಿಯೇ ನಿಂತುಕೊಂಡಳು. ಅವಳ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. “ಸರ, ಇದ್ರಾಗ ಏನ್ ಬರದಾರ್ರಿ? ಅವ್ವ ರಾತ್ರಿಯೆಲ್ಲ ಅಳಾಕತ್ತಿದ್ಳು” ಎಂದಳು.

ಕಾಗದವು ಮರಾಠಿಯಲ್ಲಿತ್ತು. ಅವಳ ತಾಯಿಯು ಸೊಲ್ಲಾಪುರದ ಒಂದು ಕಾರಖಾನೆಯಲ್ಲಿ ಮೂರು ವರ್ಷಗಳಿಂದ ಟವೆಲುಗಳ ಅಂಚು ಹೊಲಿಯುವ ಕೆಲಸ ಮಾಡುತ್ತಿದ್ದರು. ಹತ್ತೊಂಬತ್ತು ದಿವಸ ಪೂರ್ವಾನುಮತಿಯಿಲ್ಲದೆ ಗೈರುಹಾಜರಾದ ಕಾರಣ ತಾವು ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುವಿರೆಂದು ಭಾವಿಸಲಾಗಿದೆ, ಬಂದು ಹಿಶೋಬು ತೀರಿಸಿಕೊಳ್ಳಬೇಕು ಎಂಬುದು ಅದರ ಒಕ್ಕಣೆ. ನಿಜವಾದ ಸಂಗತಿ ಏನೆಂದರೆ ಆ ತಾಯಿ ಮೂರು ತಿಂಗಳ ಗರ್ಭಿಣಿ. ಗುಟುಕು ನೀರು ಸಹ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ. ಸರಕಾರಿ ಆಸ್ಪತ್ರೆಯಲ್ಲಿ ಎರಡು ಸಲ ಸಲೈನ್ ಹಚ್ಚಿಸಿಕೊಂಡು ಬಂದು ಹಾಸಿಗೆ ಹಿಡಿದಿದ್ದರು. ಕಾರಖಾನೆಗೆ ಹೇಳಿ ಕಳಿಸಿದ್ದುಂಟು, ಆದರೆ ನೆರೆಮನೆಯ ಗೆಳತಿಯ ಬಾಯಿಮಾತಿನಲ್ಲಿ. ಬಾಯಿಮಾತು ಹಾಜರಿ ಪುಸ್ತಕದಲ್ಲಿ ದಾಖಲಾಗುವುದಿಲ್ಲವಷ್ಟೆ.

ಆ ದಿನದಿಂದ ನಾವು ಈ ವಿಷಯವನ್ನು ಕುರಿತು ಸ್ವಲ್ಪ ಓದಿಕೊಂಡೆವು, ಬಲ್ಲವರನ್ನು ಕೇಳಿಕೊಂಡೆವು. ಸೊಲ್ಲಾಪುರ ಪಟ್ಟಣದಲ್ಲಿಯೂ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿಯೂ ನಮ್ಮ ಮಕ್ಕಳ ತಾಯಂದಿರು ಅನೇಕರು ದುಡಿಯುವವರು. ಅವರ ಮನೆಗಳಿಗೆ ಈ ತಿಳಿವಳಿಕೆ ಮುಟ್ಟಬೇಕೆಂದು ಇಲ್ಲಿ ಬರೆಯುತ್ತಿದ್ದೇವೆ.

ಹೆರಿಗೆಯ ರಜೆ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಹೆರಿಗೆಯ ರಜೆ ಬೇರೆ, ಬಸಿರಿನಲ್ಲಿ ಬರುವ ಬೇನೆಯ ರಜೆ ಬೇರೆ. ತೊಡಕು ಹುಟ್ಟುವುದು ಇಲ್ಲಿಯೇ. ಹೆರಿಗೆಯ ರಜೆ 26 ವಾರಗಳದು. ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ಎಂಟನೆಯ ತಿಂಗಳಲ್ಲಿರುವ ಬಸುರಿಯನ್ನು ನೋಡಿದವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮೂರನೆಯ ತಿಂಗಳ ಬಸುರಿಯ ಮಾತೇ ಬೇರೆ. ಹೊರಗೆ ಯಾವ ಚಿಹ್ನೆಯೂ ಇರುವುದಿಲ್ಲ. ಮನೆಯ ಹಿರಿಯರು “ಇಷ್ಟು ಲಗೂ ಯಾರಿಗೂ ಹೇಳಬ್ಯಾಡ” ಎಂದಿರುತ್ತಾರೆ. ವಾಂತಿ, ತಲೆಸುತ್ತು, ರಕ್ತಸ್ರಾವದ ಭಯ, ಗರ್ಭಪಾತದ ಸಂಕಟ ಇವು ಹೆಚ್ಚಾಗಿ ಕಾಡುವುದು ಈ ಮೊದಲ ತಿಂಗಳುಗಳಲ್ಲಿ. ರಕ್ತದ ಒತ್ತಡ ಏರುವುದು, ಕೈಕಾಲು ಮುಖ ಬಾಯುವುದು ಐದನೆಯ ತಿಂಗಳ ನಂತರ. ರಕ್ತಹೀನತೆಯಂತೂ ನಮ್ಮ ದೇಶದಲ್ಲಿ ಮನೆಮನೆಯ ಬೇನೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗರ್ಭಿಣಿಯರಲ್ಲಿ ನೂರಕ್ಕೆ 52 ಜನರಿಗೆ ಅದು ಇತ್ತು. ಹೀಗೆ 8 ವಾರಗಳ ಎಣಿಕೆಗೆ ಬಹಳ ಮುಂಚೆಯೇ ಹೆಂಗಸು ಹಾಸಿಗೆ ಹಿಡಿಯಬಹುದು. ಆ ದಿನಗಳಲ್ಲಿ ಅವಳ ಕೆಲಸಕ್ಕೆ ಕಾವಲು ಯಾರು?

ಈ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಸೊಲ್ಲಾಪುರವು ಗಿರಣಿಗಳ ಊರು. ನೂಲು ಸುತ್ತುವ ಖಾತೆಗಳಲ್ಲಿ ಹೆಂಗಸರೇ ಹೆಚ್ಚಾಗಿದ್ದರು. ಆ ಕಾಲದಲ್ಲಿ ಹೆರಿಗೆಯೆಂದರೆ ಕೂಲಿ ನಿಂತಿತು ಎಂದೇ ಅರ್ಥ. 1924ರಲ್ಲಿ ಕಾರ್ಮಿಕ ಮುಂದಾಳು ನಾ. ಮ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಸವಲತ್ತಿನ ಮಸೂದೆಯನ್ನು ತಂದರು, ಅದು ಊರ್ಜಿತವಾಗಲಿಲ್ಲ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಇಂಥದೇ ಮಸೂದೆ ಚರ್ಚೆಗೆ ಬಂದಾಗ ಡಾ. ಬಾಬಾಸಾಹೇಬ ಅಂಬೇಡಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಗೆ ಮುಂಚೆಯೂ ಅನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೇ ಸೇರಿದ್ದು, ಇದರ ಭಾರವನ್ನು ಬಹುಮಟ್ಟಿಗೆ ಸರಕಾರವೇ ಹೊರಬೇಕು, ಆದರೆ ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಮಾಲಕನು ಪೂರ್ಣವಾಗಿ ನುಣುಚಿಕೊಳ್ಳಲಾಗದು ಎಂಬುದು ಅವರ ವಾದದ ಸಾರ. 1929ರಲ್ಲಿ ಮುಂಬಯಿ ಪ್ರಾಂತದ ಕಾಯಿದೆ ಆಯಿತು; ಭಾರತದಲ್ಲಿ ಈ ಬಗೆಯ ಮೊದಲ ಕಾಯಿದೆ ಅದು. ಸೊಲ್ಲಾಪುರವು ಆಗ ಮುಂಬಯಿ ಪ್ರಾಂತದಲ್ಲಿಯೇ ಇದ್ದಿತು. ಕೊಟ್ಟದ್ದು ಅಲ್ಪ: ಕೆಲವೇ ವಾರಗಳಿಗೆ ದಿನಕ್ಕೆ ಎಂಟಾಣೆಯನ್ನು ಮೀರದ ಹಣ. ಆದರೂ ಗಿರಣಿಯ ಬಾಗಿಲು ಬಾಣಂತಿಗೆ ಮುಚ್ಚಿಹೋಗಬಾರದೆಂಬ ಮಾತು ಮೊದಲ ಸಲ ಕಾಗದದ ಮೇಲೆ ಬಂತು.

ಸ್ವಾತಂತ್ರ್ಯದ ನಂತರ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಸಂವಿಧಾನದ 42ನೆಯ ಅನುಚ್ಛೇದದಲ್ಲಿ ಹೆರಿಗೆಯ ನೆರವಿನ ಉಲ್ಲೇಖ, 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸವಲತ್ತು ಕಾಯಿದೆ ಬಂದವು. 1988ರ ತಿದ್ದುಪಡಿಯು ಹತ್ತು ಮಂದಿ ದುಡಿಯುವ ಅಂಗಡಿಗಳವರೆಗೂ ಈ ಕಾಯಿದೆಯನ್ನು ವಿಸ್ತರಿಸಿತು. 12 ವಾರಗಳಿದ್ದ ರಜೆ 26 ವಾರಗಳಾದದ್ದು 2017ರಲ್ಲಿ. ಈಚೆಗೆ, 2025ರ ನವೆಂಬರ 21ರಂದು, ಸಾಮಾಜಿಕ ಭದ್ರತಾ ಸಂಹಿತೆ, 2020 ಎಂಬ ಶಾಸನವು ಜಾರಿಗೆ ಬಂದು 1961ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಹೆಸರು ಬದಲಾಯಿತೇ ಹೊರತು ನಾವು ಇಲ್ಲಿ ಹೇಳಲಿರುವ ಹಕ್ಕುಗಳು ಆ ಸಂಹಿತೆಯ 6ನೆಯ ಅಧ್ಯಾಯದಲ್ಲಿ ಮುಂದುವರಿದಿವೆ. ಹಳೆಯ ಕಾಯಿದೆ ಹೋಯಿತು, ಹಕ್ಕೂ ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಈಗ ಮುಖ್ಯವಾದ ಮಾತಿಗೆ ಬರೋಣ. ಬಸಿರು, ಹೆರಿಗೆ, ಅಕಾಲ ಪ್ರಸವ, ಗರ್ಭಪಾತ ಇವುಗಳಿಂದ ಉಂಟಾದ ಬೇನೆಗೆ, 26 ವಾರಗಳ ರಜೆಯಲ್ಲದೆ, ಹೆಚ್ಚೆಂದರೆ ಒಂದು ತಿಂಗಳು ಪಗಾರಸಹಿತ ರಜೆ ಉಂಟು. ಇದು 26 ವಾರಗಳಿಂದ ಕಡಿತವಾಗುವುದಿಲ್ಲ. ಅದರ ಮೇಲೆ ಹೆಚ್ಚಿನದು. ಗರ್ಭಪಾತವಾದರೆ ಅದರ ಮರುದಿನದಿಂದ 6 ವಾರಗಳ ಪಗಾರಸಹಿತ ರಜೆ ಬೇರೆ. ನಮ್ಮ ಮನೆಗಳಲ್ಲಿ ಗರ್ಭಪಾತವನ್ನು ಬಚ್ಚಿಟ್ಟು ನಾಲ್ಕನೆಯ ದಿನವೇ ಕೆಲಸಕ್ಕೆ ಹೋಗುವ ತಾಯಂದಿರಿದ್ದಾರೆ. ಅಂಥವರನ್ನು ಆ 6 ವಾರಗಳಲ್ಲಿ ಗೊತ್ತಿದ್ದೂ ಕೆಲಸಕ್ಕೆ ಹಚ್ಚುವುದೇ ಮಾಲಕನ ಪಾಲಿಗೆ ಅಪರಾಧ. ಇನ್ನೊಂದು ಸವಲತ್ತು ಬಹಳ ಜನಕ್ಕೆ ತಿಳಿಯದು. ಹೆರಿಗೆಗೆ ಮುಂಚಿನ 6 ವಾರಗಳಿರುತ್ತವಲ್ಲ, ಅವುಗಳಿಗೂ ಹಿಂದಿನ ಒಂದು ತಿಂಗಳಲ್ಲಿ ಗರ್ಭಿಣಿಯು ಕೇಳಿಕೊಂಡರೆ ಭಾರವಾದ ಕೆಲಸವನ್ನಾಗಲಿ ಬಹಳ ಹೊತ್ತು ನಿಂತು ಮಾಡುವ ಕೆಲಸವನ್ನಾಗಲಿ ಅವಳಿಗೆ ಒಪ್ಪಿಸುವಂತಿಲ್ಲ. ಮಗ್ಗದ ಮುಂದೆ ದಿನವೆಲ್ಲ ನಿಲ್ಲುವವರಿಗೆ ಇದು ಸಣ್ಣ ಮಾತಲ್ಲ. ಆದರೆ ‘ಕೇಳಿಕೊಂಡರೆ’ ಎಂಬ ಶಬ್ದವನ್ನು ಗಮನಿಸಿರಿ.

ಇನ್ನು ಕೆಲಸದ ಭದ್ರತೆ. ಕಾನೂನಿನ ಪ್ರಕಾರ ಹೆಂಗಸು ಗೈರುಹಾಜರಾಗಿರುವಾಗ ಆ ಗೈರುಹಾಜರಿಯ ಕಾಲದಲ್ಲಾಗಲಿ, ಆ ಕಾರಣಕ್ಕಾಗಿ ಮುಂದೆಂದಾಗಲಿ ಅವಳನ್ನು ಕೆಲಸದಿಂದ ತೆಗೆಯುವುದು ನಿಷಿದ್ಧ. ರಜೆಯ ನಡುವೆ ಅವಧಿ ಮುಗಿಯುವಂತೆ ನೋಟೀಸು ಕೊಡುವುದೂ ನಿಷಿದ್ಧ. ತೆಗೆಯದೆಯೇ ಅವಳ ಸೇವೆಯ ಕರಾರುಗಳನ್ನು ಅವಳಿಗೆ ನಷ್ಟವಾಗುವಂತೆ ಬದಲಿಸುವುದೂ ನಿಷಿದ್ಧವೇ. ಬಸಿರಿನ ಕಾಲದಲ್ಲಿ ಯಾವಾಗ ಕೆಲಸದಿಂದ ತೆಗೆದರೂ ಅವಳಿಗೆ ಸಲ್ಲಬೇಕಾದ ಹೆರಿಗೆಯ ಹಣ ತಪ್ಪುವುದಿಲ್ಲ. ಘೋರವಾದ ದುರ್ನಡತೆಯೆಂದು ಲಿಖಿತವಾಗಿ ತಿಳಿಸಿ ತೆಗೆದಾಗ ಮಾತ್ರ ಆ ಹಣವನ್ನು ತಡೆಹಿಡಿಯಬಹುದು. ಹಾಗೆ ಅನ್ಯಾಯವಾದರೆ ಆಜ್ಞೆ ಕೈಸೇರಿದ 60 ದಿವಸಗಳೊಳಗೆ ಮೇಲ್ಮನವಿ ಮಾಡಿಕೊಳ್ಳಬೇಕು. ಅರವತ್ತು ದಿನಗಳೆಂದರೆ ಬೇನೆಯವರಿಗೆ ಬಹು ಬೇಗ ಕಳೆದುಹೋಗುವ ಕಾಲ.

ಇದಕ್ಕೆಲ್ಲ ಒಂದು ಷರತ್ತುಂಟು. ಹೆರಿಗೆಯ ಹಣಕ್ಕಾಗಿ ನಿರೀಕ್ಷಿತ ಹೆರಿಗೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿವಸ ಆ ಮಾಲಕನಲ್ಲಿ ಕೆಲಸ ಮಾಡಿರಬೇಕು. ಕೆಲಸವಿಲ್ಲವೆಂದು ಮಾಲಕನೇ ಕೂಡಿಸಿದ ದಿನಗಳೂ ಪಗಾರಸಹಿತ ರಜೆಯ ದಿನಗಳೂ ಈ ಎಣಿಕೆಗೆ ಸೇರುತ್ತವೆ. ಕಾಯಂ ಕೆಲಸವೇ ಆಗಿರಬೇಕೆಂಬ ನಿಯಮವಿಲ್ಲ. ದಿಲ್ಲಿ ಮಹಾನಗರಪಾಲಿಕೆಯಲ್ಲಿ ರಸ್ತೆಯ ಕೆಲಸಕ್ಕೆ ಹೋಗುತ್ತಿದ್ದ ದಿನಗೂಲಿ ಹೆಂಗಸರು ನ್ಯಾಯ ಕೇಳಿದಾಗ ಸರ್ವೋಚ್ಚ ನ್ಯಾಯಾಲಯವು 2000ದ ಮಾರ್ಚ 8ರಂದು, ದಿನಗೂಲಿಯವರಿಗೂ ಈ ಸವಲತ್ತು ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಗೊತ್ತಾದ ಅವಧಿಗೆ ನೇಮಕಗೊಂಡವರ ಕರಾರು ನಡುವೆ ಮುಗಿದರೂ ಹೆರಿಗೆಯ ಸವಲತ್ತು ಮುಂದುವರಿಯುತ್ತದೆಂದು ಅದೇ ನ್ಯಾಯಾಲಯ 2023ರಲ್ಲಿ ಹೇಳಿದೆ.

ಆ ಬಾಲಿಕೆಯ ತಾಯಿಯ ಸಂಗತಿ ಏನಾಯಿತೆಂದು ವಾಚಕರು ಕೇಳಬಹುದು. ಮೊದಲು ನಾವು ಅವರ ಪಗಾರದ ಚೀಟಿಯನ್ನು ತರಿಸಿ ನೋಡಿದೆವು. ಪ್ರತಿ ತಿಂಗಳೂ ಒಂದು ಸಣ್ಣ ಮೊತ್ತ ರಾಜ್ಯ ವಿಮೆಗಾಗಿ ಕಡಿತವಾಗುತ್ತಿತ್ತು. ಅದು ಯಾತಕ್ಕೆ ಎಂದು ಆ ತಾಯಿಗೆ ತಿಳಿದಿರಲಿಲ್ಲ. ವಿಮೆಯ ಕಾರ್ಡು ದೇವರ ಜಗಲಿಯ ಮೇಲೆ ಪಂಚಾಂಗದೊಳಗೆ ಸಿಕ್ಕಿತು! ವಿಮೆಗೆ ಒಳಪಟ್ಟವರಿಗೆ ಹೆರಿಗೆಯ ಹಣವನ್ನು ಮಾಲಕನಲ್ಲ, ವಿಮಾ ನಿಗಮವೇ ಕೊಡುತ್ತದೆ. ಬಸಿರಿನ ಬೇನೆಯ ಆ ಒಂದು ತಿಂಗಳಿಗೂ ಪೂರ್ಣ ದಿನಗೂಲಿಯ ದರದಲ್ಲಿ ಹಣ ಬರುತ್ತದೆ. ಬೇನೆ ಅದಕ್ಕೂ ಹೆಚ್ಚು ಕಾಲ ಎಳೆದರೆ ಸಾಮಾನ್ಯ ಕಾಯಿಲೆಯ ಲೆಕ್ಕದಲ್ಲಿ ಕೂಲಿಯ ನೂರಕ್ಕೆ 70ರಂತೆ, ವರ್ಷಕ್ಕೆ 91 ದಿವಸಗಳ ಮಿತಿಯಲ್ಲಿ, ನೆರವು ದೊರೆಯುತ್ತದೆ. ಇಷ್ಟೇ ಅಲ್ಲ. ಆಗ ಜಾರಿಯಲ್ಲಿದ್ದ 1948ರ ಕಾಯಿದೆಯ 73ನೆಯ ಕಲಮು, ಬಸಿರಿನಿಂದ ಬಂದ ಬೇನೆಯೆಂದು ನಿಯಮದಂತೆ ವೈದ್ಯರು ಬರೆದುಕೊಟ್ಟ ಗೈರುಹಾಜರಿಯ ಕಾಲದಲ್ಲಿ ಕೆಲಸದಿಂದ ತೆಗೆಯುವುದನ್ನು ಹೆಸರಿಟ್ಟೇ ನಿಷೇಧಿಸಿತ್ತು. ಅಂಥ ಕಾಲದಲ್ಲಿ ಕೊಟ್ಟ ನೋಟೀಸು ಸಿಂಧುವಲ್ಲವೆಂದೂ ಹೇಳಿತ್ತು.

ಬರೆದುಕೊಟ್ಟ ಎಂಬುದೇ ಇಲ್ಲಿ ಬೀಗದ ಕೈ. ಆ ತಾಯಿ ಎರಡು ಸಲ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿಯ ಚೀಟಿಗಳನ್ನು ಔಷಧಿ ಮುಗಿದ ಮೇಲೆ ಎಸೆಯಬೇಕೆಂದಿದ್ದರಂತೆ, ಪುಣ್ಯಕ್ಕೆ ಎಸೆದಿರಲಿಲ್ಲ. ಅವನ್ನು ತೆಗೆದುಕೊಂಡು ಅವರ ಯಜಮಾನರು ಅವರನ್ನು ವಿಮೆಯ ವೈದ್ಯರಲ್ಲಿ ಕರೆದೊಯ್ದರು. ವೈದ್ಯರು ಹಳೆಯ ಚೀಟಿಗಳನ್ನು ನೋಡಿ, ಬೇನೆಯು ಬಸಿರಿನಿಂದಲೇ ಬಂದದ್ದೆಂದೂ ವಿಶ್ರಾಂತಿ ಬೇಕೆಂದೂ ಪ್ರಮಾಣಪತ್ರ ಕೊಟ್ಟರು. ಬರಿಯ ಅಶಕ್ತತೆ ಎಂದು ಬರೆದಿದ್ದರೆ ಸಾಲದಾಗುತ್ತಿತ್ತು. ಪ್ರಮಾಣಪತ್ರದಲ್ಲಿ ಬಸಿರಿನ ಸಂಬಂಧವೂ ದಿನಾಂಕಗಳೂ ಇರಬೇಕಾದದ್ದು ಬಹಳ ಮುಖ್ಯ.

ಅನಂತರ ಕಾರಖಾನೆಗೆ ಉತ್ತರ. ನಮ್ಮ ಗುರುಗಳೊಬ್ಬರು ಅದನ್ನು ಮರಾಠಿಯಲ್ಲಿ ಬರೆದರು. ಕನ್ನಡದಲ್ಲಿ ಅದರ ಅರ್ಥವನ್ನು ಆ ತಾಯಿಗೆ ಓದಿ ಹೇಳಿದ ಮೇಲೆಯೇ ಸಹಿ ಮಾಡಿಸಿದರು. ದೀರ್ಘವಾದದ್ದೇನಲ್ಲ. ನಾನು ಕೆಲಸ ಬಿಟ್ಟಿಲ್ಲ, ಬಿಡುವ ಇಚ್ಛೆಯೂ ಇಲ್ಲ. ಇಂಥ ದಿನದಿಂದ ಬಸಿರಿನ ಬೇನೆಯಿಂದ ಮಲಗಿದ್ದೇನೆ. ಪ್ರಮಾಣಪತ್ರದ ಪ್ರತಿ ಲಗತ್ತಿಸಿದೆ. ಗುಣವಾದ ಕೂಡಲೆ ಹಾಜರಾಗುವೆನು. ಹೆರಿಗೆಯು ಫೆಬ್ರುವರಿಯಲ್ಲಿ ನಿರೀಕ್ಷಿತವಾಗಿದೆ. ಇಷ್ಟೇ. ಒಂದು ಪ್ರತಿಯನ್ನು ಕಾರಖಾನೆಯಲ್ಲಿ ಕೊಟ್ಟು ಇನ್ನೊಂದರ ಮೇಲೆ ಮುಟ್ಟಿತೆಂದು ಸಹಿ ಸಿಕ್ಕೆ ಕೇಳಿದೆವು. ಸಿಕ್ಕೆ ಹಾಕಲು ಅಲ್ಲಿಯ ಗುಮಾಸ್ತರು ಒಪ್ಪಲಿಲ್ಲವಾದ್ದರಿಂದ ಅಂಚೆಯಲ್ಲಿ ಕಳಿಸಿ ಪಾವತಿ ಇಟ್ಟುಕೊಂಡೆವು. ಹಿರಿಯರು ರಿಜಿಸ್ಟರ್ ಮಾಡು ಎನ್ನುತ್ತಾರೆ. 2025ರ ಸೆಪ್ಟೆಂಬರ 1ರಿಂದ ಅದು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಕೆಲಸ ಮಾತ್ರ ಅದೇ.

ಹದಿನೈದು ದಿನಗಳ ಮೇಲೆ ಕರೆ ಬಂತು. “ಬರ್ರಿ, ಆದ್ರ ಹೊಸದಾಗಿ ಹೆಸರು ಹಚ್ಚಿಕೋತೀವಿ” ಎಂದರಂತೆ. ಆ ತಾಯಿಗೆ ಅಷ್ಟೇ ಸಾಕೆನಿಸಿತ್ತು. ಕೆಲಸ ಸಿಕ್ಕಿತಲ್ಲ ಎಂದು ಹಿಗ್ಗಿ ನಮಗೆ ತಿಳಿಸಲು ಮಗಳನ್ನು ಕಳಿಸಿದರು. ಇದರಲ್ಲಿಯ ಮೋಸ ಬಲ್ಲವರಿಗೆ ಮಾತ್ರ ಕಾಣುವಂಥದು. ಹೊಸದಾಗಿ ಹೆಸರು ಹಚ್ಚಿದರೆ ಮೂರು ವರ್ಷಗಳ ಹಿಂದಿನ ಸೇವೆ ಅಳಿಸಿಹೋಗುತ್ತದೆ. ಐದು ವರ್ಷಗಳ ಸೇವೆಗೆ ಬರಬೇಕಾದ ಉಪದಾನದ ಎಣಿಕೆ ಮತ್ತೆ ಒಂದರಿಂದ ಆರಂಭವಾಗುತ್ತದೆ. ಕರಾರನ್ನು ನಷ್ಟವಾಗುವಂತೆ ಬದಲಿಸಬಾರದೆಂದು ಮೇಲೆ ಹೇಳಿದೆವಲ್ಲ, ಅದು ಇಂಥದಕ್ಕೇ. ನಾವು ಮತ್ತೊಂದು ಕಾಗದ ಬರೆದೆವು. ಆ ಕಾಗದಕ್ಕೆ ಉತ್ತರ ಬರಲಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ಅವರು ಹಾಜರಾದಾಗ ಹಳೆಯ ನಂಬರಿನಲ್ಲಿಯೇ ಹಾಜರಿ ಬಿದ್ದಿತು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲವೆಂಬುದನ್ನು ಮುಚ್ಚಿಡಲಾರೆವು. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಹೆಂಗಸರ ಸಂಖ್ಯೆ ದೊಡ್ಡದು. ಕುಂಭಾರಿಯಲ್ಲಿ ಬೀಡಿ ಕೆಲಸದ ಹೆಂಗಸರಿಗಾಗಿಯೇ ಹತ್ತು ಸಾವಿರ ಮನೆಗಳ ವಸಾಹತು 2006ರಲ್ಲಿ ಉದ್ಘಾಟನೆಯಾಯಿತೆಂದರೆ ಊಹಿಸಬಹುದು. ಎಲೆ, ತಂಬಾಕು ತಂದು ಮನೆಯಲ್ಲಿಯೇ ಕಟ್ಟಿ ಒಪ್ಪಿಸುವ ಇವರಿಗೆ 1966ರ ಬೀಡಿ ಮತ್ತು ಸಿಗಾರ ಕಾರ್ಮಿಕರ ಕಾಯಿದೆಯು ಹೆರಿಗೆ ಸವಲತ್ತನ್ನು ಕೊಟ್ಟಿತ್ತು, ಆದರೆ ಎರಡು ಕಲಮುಗಳನ್ನು ಕೈಬಿಟ್ಟು: ವೈದ್ಯಕೀಯ ಬೋನಸ್ಸಿನ 8ನೆಯದು, ಬಸಿರಿನ ಬೇನೆಯ ತಿಂಗಳ ರಜೆಯ 10ನೆಯದು. ಮನೆಯಲ್ಲಿಯೇ ಕೂತು ಮಾಡುವ ಕೆಲಸಕ್ಕೆ ಬೇನೆಯ ರಜೆ ಏಕೆ ಎಂದು ಕಾಯಿದೆ ಮಾಡಿದವರಿಗೆ ಅನಿಸಿರಬಹುದು. ವಾಂತಿಯ ಹೊತ್ತಿನಲ್ಲಿ ತಂಬಾಕಿನ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡುವುದು ಹೇಗಿರುತ್ತದೆಂದು ಅವರು ಯಾರನ್ನೂ ಕೇಳಿದಂತೆ ತೋರುವುದಿಲ್ಲ. ಆ ಕಾಯಿದೆಯೂ 2025ರ ನವೆಂಬರಿನಲ್ಲಿ ಹೊಸ ಸಂಹಿತೆಗಳು ಬಂದಾಗ ರದ್ದಾಯಿತು.

ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ತೊಗರಿಯ ಹೊಲಕ್ಕೆ, ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ತಾಯಂದಿರಿಗೆ ಮೇಲಿನ ಯಾವ ರಜೆಯೂ ಕೈಗೆ ಎಟಕುವುದಿಲ್ಲ. ಅವರಿಗೆ ಹಾಜರಿ ಪುಸ್ತಕವೇ ಇಲ್ಲ. ಅಂಗನವಾಡಿಯ ಮುಖಾಂತರ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ದೊರೆಯುವ ಏರ್ಪಾಡಿದೆ. ಅದಕ್ಕೂ ಬೇಗ ಹೆಸರು ನೋಂದಾಯಿಸಬೇಕು. ಹಣ ನೆರವಾಗುತ್ತದೆ ನಿಜ, ಆದರೆ ಅದು ಕೆಲಸದ ಭದ್ರತೆಯಲ್ಲ.

ನಮ್ಮನ್ನೂ ಬಿಟ್ಟುಕೊಳ್ಳಬಾರದು. ಶಾಲೆಗಳನ್ನು ನಡೆಸುವ ಸಂಸ್ಥೆಗಳೂ ಮಾಲಕರೇ. ಮಹಾರಾಷ್ಟ್ರದ ಖಾಸಗಿ ಶಾಲೆಗಳ ನೌಕರರಿಗೆ 1977ರ ಸೇವಾ ನಿಯಮಗಳ ಕಾಯಿದೆಯುಂಟು. ಕೆಲಸದಿಂದ ತೆಗೆದರೆ ಶಿಕ್ಷಕಿಯು 30 ದಿವಸಗಳೊಳಗೆ ಶಾಲಾ ನ್ಯಾಯಾಧಿಕರಣಕ್ಕೆ ಹೋಗಬಹುದು. ಆ ಅವಧಿ ಮೇಲೆ ಹೇಳಿದ 60 ದಿನಗಳ ಅರ್ಧ ಮಾತ್ರ ಎಂಬುದನ್ನು ನಮ್ಮ ಬಾಯಿಯವರು ನೆನಪಿನಲ್ಲಿಡಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುವೆವು. ಹೆಂಗಸರು ದುಡಿಯುವ ಸ್ಥಳದಲ್ಲಿ ಈ ಹಕ್ಕುಗಳ ಸಾರಾಂಶವನ್ನು ಆ ಪ್ರದೇಶದ ಭಾಷೆ ಅಥವಾ ಭಾಷೆಗಳಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕೆಂದು ಕಾನೂನು ಹೇಳುತ್ತದೆ. ‘ಭಾಷೆಗಳು’ ಎಂಬ ಬಹುವಚನವು ನಮ್ಮಂಥ ಊರಿಗಾಗಿಯೇ ಬರೆದಂತಿದೆ. ಇಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಓಣಿಯ ಭಾಷೆಗಳು. ನಿಮ್ಮ ತಾಯಿಯ ಕಾರಖಾನೆಯಲ್ಲಿ ಅಂಥ ಫಲಕ ಇದೆಯೇ, ಯಾವ ಭಾಷೆಯಲ್ಲಿದೆ ಎಂದು ಕೇಳಿ ಬನ್ನಿರಿ. ಕನ್ನಡದಲ್ಲಿ ಇಲ್ಲದಿದ್ದರೆ ಮರಾಠಿಯದನ್ನು ಬರೆದುಕೊಂಡು ಬಂದರೆ ಅದನ್ನು ಕನ್ನಡಿಸಿಕೊಡಲು ನಮ್ಮ ಗುರುಗಳು ಸಿದ್ಧರಿದ್ದಾರೆ.

ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಆ ತಾಯಿ ಹೆರಿಗೆಯ ರಜೆಯಲ್ಲಿದ್ದಾರೆ. ಮೊದಲು ಒಂದೇ ಮಗುವಿದ್ದದ್ದರಿಂದ ಪೂರ್ಣ 26 ವಾರ. ಎರಡು ಮಕ್ಕಳಿದ್ದಿದ್ದರೆ 12 ವಾರಗಳೇ ಆಗುತ್ತಿದ್ದವು. ಹೆರಿಗೆಗೆ ಮುಂಚೆ ಎರಡೇ ವಾರ ತೆಗೆದುಕೊಂಡು ಉಳಿದುದನ್ನೆಲ್ಲ ಕೂಸಿಗಾಗಿ ಇಟ್ಟುಕೊಂಡರು. ಈ ಸಲದ ಅರ್ಜಿಯನ್ನು ಮರಾಠಿಯಲ್ಲಿ ಬರೆದವಳು ಐದನೆಯ ಇಯತ್ತೆಯ ಆ ಬಾಲಿಕೆಯೇ. ನಾವು ಎರಡು ಕಡೆ ದೀರ್ಘಗಳನ್ನು ತಿದ್ದಿದೆವು. ಗುಮಾಸ್ತರು ಸಿಕ್ಕೆ ಹಾಕಿಕೊಟ್ಟರಂತೆ.